ಇವತ್ತ ಕುರಿ ಎಲ್ಲದಾವ?

ಶಿರೂರಿನ ರಾಜಶ್ರೀಗೆ ಅಂಜಿಕೆ ಹುಟ್ಟಿನಿಂದಲೇ ಬಂದದ್ದು ಎಂದು ಅವಳ ತಾಯಿ ಬೋರವ್ವ ಹೇಳುತ್ತಿದ್ದಳು. ತೊಟ್ಟಿಲಲ್ಲಿದ್ದಾಗ ಹೊರಗೆ ಟಗರು ಕೆಮ್ಮಿದರೂ ಕೂಸು ಬೆಚ್ಚಿ ಅಳುತ್ತಿತ್ತಂತೆ. ಸಾಲಿಗೆ ಹೋದಾಗ ಮಾಸ್ತರರಿಗೆ ಅಂಜಿದಳು. ಬಾಗಲಕೋಟೆಯ ಕಾಲೇಜಿಗೆ ಹೋದಾಗ ಇಂಗ್ಲಿಷಿಗೆ ಅಂಜಿದಳು. ಕಂಪ್ಯೂಟರ್ ಮುಂದೆ ಕೂತ ಮೊದಲ ದಿನ ಯಾವ ಗುಂಡಿ ಒತ್ತಿದರೆ ಏನು ಸುಟ್ಟುಹೋಗುತ್ತದೋ ಎಂದು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡೇ ತಾಸು ಕಳೆದಳು. "ನಮ್ಮ ರಾಜಿ ಡಿಗ್ರಿ ಮಾಡಿದ್ದು ಅಂಜೂದ್ರಾಗ. ಕಂಪ್ಯೂಟರಿಂದು ಸುಮ್ನ ಅದರ ಕೂಡ ಬಂತು" ಎಂದು ಅಣ್ಣ ಬೀರೇಶ ಕಂಡಕಂಡವರ ಮುಂದೆ ಹೇಳಿ ನಗುತ್ತಿದ್ದ.

ಆದರೆ ಆ ಮನೆಯಲ್ಲಿ ಪದವಿ ಪಡೆದ ಮೊದಲ ಜೀವ ಅವಳೇ. ಅಂಜುವವರು ಒಂದಕ್ಕೆ ಎರಡು ಸಲ ನೋಡುತ್ತಾರೆ. ಪರೀಕ್ಷೆಯಲ್ಲಿ ತಪ್ಪಾದೀತು ಎಂಬ ಭಯಕ್ಕೆ ಓದಿದಳು, ಫೇಲಾದರೆ ಕಾಕಾನಿಗೆ ಮುಖ ತೋರಿಸುವುದು ಹೇಗೆ ಎಂಬ ಭಯಕ್ಕೆ ಪಾಸಾದಳು. ಕಾಕಾ ಎಂದರೆ ಅಮಸಿದ್ದಪ್ಪ, ತಂದೆಯ ತಮ್ಮ. ತಂದೆ ತೀರಿಕೊಂಡ ಮೇಲೆ ಹಿಂಡನ್ನೂ ಮನೆಯನ್ನೂ ಹೆಗಲಿಗೆ ತೆಗೆದುಕೊಂಡವನು. ಮದುವೆಯಾಗಲಿಲ್ಲ. ವರ್ಷದ ಬಹುಪಾಲು ಕುರಿಗಳ ಜೊತೆ ಮಲಪ್ರಭೆಯ ದಂಡೆಗುಂಟ ಊರೂರು ತಿರುಗುತ್ತಿದ್ದ, ಜೊತೆಗೆ ಬೀರೇಶ. ರಾಜಶ್ರೀಯ ಕಾಲೇಜಿನ ಫೀಗೆ ಪ್ರತಿ ವರ್ಷ ಒಂದಿಷ್ಟು ಟಗರು ಹೋದವು. ಅದನ್ನು ಅವನು ಎಂದೂ ಬಾಯಿ ಬಿಟ್ಟು ಹೇಳಲಿಲ್ಲ. ಹಿಂಡಿನಲ್ಲಿ ಕಾಣದ ಮುಖಗಳು ಯಾವುವು ಎಂದು ಅವಳಿಗೇ ಗೊತ್ತಾಗುತ್ತಿತ್ತು.

ಓದು ಮುಗಿದ ಮೇಲೆ ಅವಳು ಇಳಕಲ್ಲಿಗೆ ಬಂದು, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಾಬುಬಿ ಎಂಬವರ ಸೀರೆ ಅಂಗಡಿಯ ಮೇಲಿನ ಕೋಣೆ ಹಿಡಿದಳು. ವೆಬ್‌ಸೈಟ್ ಮಾಡಿಕೊಡುವುದು ಕೆಲಸ. ಮೊದಲ ಗಿರಾಕಿ ಮಾಬುಬಿಯೇ. ರಾಜಶ್ರೀ ಹಗಲಿರುಳು ಕೂತು ಬಾದಾಮಿಯ ಗುಡ್ಡ, ಕೆರೆ, ಗುಹೆಗಳ ಚಿತ್ರಗಳು ಒಂದಾದ ಮೇಲೊಂದು ಜಾರಿ ಬರುವ ಹಾಗೆ ಮೊದಲ ಪುಟ ಮಾಡಿದ್ದಳು. ಮಾಬುಬಿ ಚಾಳೀಸು ಏರಿಸಿ, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಗೆ ಒತ್ತಿ, ಬಹಳ ಹೊತ್ತು ನೋಡಿದರು.

"ಭಾಳ ಚಂದ ಐತಿ ಬೇಟಿ. ಸೀರಿ ಎಲ್ಲೈತಿ?"

"ಕೆಳಗ ಅದಾವ ಚಾಚಿ. ಹಿಂಗ ಸರಿಸಿದ್ರ..."

"ಸರಸೂತನಕ ಯಾರು ಕುಂತಿರ್ತಾರ? ನಾ ಏನ್ ಗುಡ್ಡ ಮಾರ್ತೇನೇನು? ಅಂಗಡಿಗೆ ಬಂದಾಕಿ ಮೊದಲ ಏನ್ ಕೇಳ್ತಾಳ? ಸೆರಗು ತೋರಸ್ರಿ ಅಂತಾಳ. ಮೊದಲ ಸೆರಗು ತೋರಸು."

ರಾಜಶ್ರೀ ಆ ಪುಟವನ್ನು ಪೂರ್ತಿ ಅಳಿಸಿದಳು. ತೆರೆದ ಕೂಡಲೇ ಪರದೆಯ ತುಂಬ ಸೆರಗೇ ಕಾಣುವ ಹಾಗೆ, ನೂಲೆಳೆ ಎಣಿಸಬಹುದಾದಷ್ಟು ಹತ್ತಿರದಿಂದ ತೆಗೆದ ಚಿತ್ರ ಹಾಕಿದಳು. ಅದರ ಕೆಳಗೆ ಮೈ, ಅಂಚು, ಆಮೇಲೆ ಬೆಲೆ, ಆಮೇಲೆ ಫೋನು. ಸೀರೆಗಳು ಹುಬ್ಬಳ್ಳಿಗೂ ಸೊಲ್ಲಾಪುರಕ್ಕೂ ಹೋಗತೊಡಗಿದವು. ಅಂದಿನಿಂದ ಯಾವ ವ್ಯಾಪಾರಕ್ಕೆ ಪುಟ ಮಾಡಲು ಕೂತರೂ ಅವಳು ಕಂಪ್ಯೂಟರ್ ಮುಟ್ಟುವ ಮೊದಲು ಮಾಲೀಕರನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಳು: ನಿಮ್ಮ ಗಿರಾಕಿ ಬಂದ ಕೂಡಲೇ ಏನು ಕೇಳುತ್ತಾನೆ? ಅದರ ಉತ್ತರವೇ ಪುಟದ ನೆತ್ತಿಯ ಮೇಲೆ ಬರಬೇಕು. ಹಾಳೆಯ ಮೇಲೆ ಪೆನ್ಸಿಲಿನಿಂದ ಮೊದಲು ಅದನ್ನೇ ಬರೆಯುತ್ತಿದ್ದಳು. ಗ್ರಾನೈಟ್ ಪಾಲಿಶಿನವರಿಗೂ ಹುನಗುಂದದ ಬೀಜದ ಅಂಗಡಿಯವರಿಗೂ ಹಾಗೆಯೇ ಮಾಡಿಕೊಟ್ಟಳು.

ಒಮ್ಮೆ ಊರಿಗೆ ಹೋದಾಗ ಕಾಕಾನನ್ನೂ ಅದೇ ಕೇಳಿದಳು. ಕಾಕಾ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತಿದ್ದ.

"ಕಾಕಾ, ನಿನಗ ಫೋನ್ ಹಚ್ಚಿದವ್ರು ಮೊದಲ ಏನ್ ಕೇಳ್ತಾರ?"

"ಕುರಿ ಎಲ್ಲದಾವ ಅಂತಾರ. ಮತ್ತೇನು, ನನ್ನ ಲಗ್ನದ ಸುದ್ದಿ ಕೇಳ್ತಾರೇನು?"

ಫೋನು ಮಾಡುವವರು ಎರಡು ಬಗೆಯವರು. ಗೊಬ್ಬರಕ್ಕಾಗಿ ತಮ್ಮ ಹೊಲದಲ್ಲಿ ಹಿಂಡನ್ನು ನಿಲ್ಲಿಸಿಕೊಳ್ಳುವ ರೈತರು, ಟಗರು ಮರಿ ಕೊಳ್ಳುವ ಗಿರಾಕಿಗಳು. ಇಬ್ಬರಿಗೂ ಬೇಕಾದದ್ದು ಹಿಂಡು ಈಗ ಎಲ್ಲಿದೆ ಎಂಬುದು. ತಮ್ಮ ಊರಿನ ಹತ್ತಿರ ಇದೆ ಎಂದು ಗೊತ್ತಾದರೆ ಕರೆಯುತ್ತಾರೆ, ಗೊತ್ತಾಗದಿದ್ದರೆ ಇನ್ನೊಬ್ಬರ ಹಿಂಡಿಗೆ ಹೋಗುತ್ತಾರೆ. ರಾಜಶ್ರೀಗೆ ದಾರಿ ನಿಚ್ಚಳವಾಗಿ ಕಂಡಿತು. ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ, "ಇವತ್ತ ಕುರಿ ಎಲ್ಲದಾವ?" ಅದರ ಕೆಳಗೆ ಒಂದು ಗುಂಡಿ. ಒತ್ತಿದರೆ ಕಾಕಾನದೇ ದನಿ. ರೈತರು ಓದುತ್ತ ಕೂಡುವವರಲ್ಲ, ಕೇಳುವವರು. ಕೆಳಗೆ ಎರಡು ಚಿತ್ರ, ಫೋನ್ ನಂಬರು. ಆ ನಂಬರು ರಾಜಶ್ರೀಯದು, ಕಾಕಾನ ಫೋನು ಯಾವಾಗಲೂ ಸಿಗುತ್ತಿರಲಿಲ್ಲ. ಮತ್ತೇನೂ ಬೇಡ. ಸಿಗ್ನಲ್ ಒಂದೇ ಗೀಟಿದ್ದರೂ ತೆರೆಯಬೇಕು.

ಕಾಕಾ ದಿನಾ ಮಧ್ಯಾಹ್ನ ಹಿಂಡು ನಿಲ್ಲಿಸುವ ಜಾಗ ಗೊತ್ತಾದ ಮೇಲೆ ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದ. ಅವನ ಮಾತು ಯಾವಾಗಲೂ "ರಾಜವ್ವಾ" ಎಂದೇ ಶುರುವಾಗುತ್ತಿತ್ತು. ಇಂಥ ಊರು, ಇಂಥ ಹೊಲ ಎಂದು ಹೇಳಿ, ಆಮೇಲೆ ಮನೆಯ ಮಾತಿಗೆ ಇಳಿಯುತ್ತಿದ್ದ: ಮೋಡ ಕವಿದದ್ದು, ಕುಂಟು ಮರಿ ಹಾಲು ಕುಡಿಯದ್ದು, ಬೀರೇಶ ರೊಟ್ಟಿ ಸುಟ್ಟದ್ದು. ಮೊದಮೊದಲು ರಾಜಶ್ರೀ ಅದೆಲ್ಲವನ್ನೂ ಕೇಳಿ, ಊರು ಹೊಲದ ಭಾಗವನ್ನಷ್ಟೇ ಕತ್ತರಿಸಿ ಪುಟಕ್ಕೆ ಹಾಕುತ್ತಿದ್ದಳು. ಮನೆಯ ಮಾತು ಅವಳಲ್ಲೇ ಉಳಿಯುತ್ತಿತ್ತು.

ಒಂದು ದಿನ ಅವಸರದಲ್ಲಿ ಇಡೀ ಮಾತು ಹಾಗೆಯೇ ಹೋಯಿತು. ಅಂದು ಫೋನಿಗೆ ಬಿಡುವೇ ಇರಲಿಲ್ಲ. "ಕುಂಟ ಮರಿ ಹಾಲು ಕುಡೀತೇನ್ರಿ?" ಎಂದು ಕೆರೂರಿನ ಕಡೆಯವರೊಬ್ಬರು ಕೇಳಿದರು. ಕುರಿಗೂ ತಮಗೂ ಸಂಬಂಧವಿಲ್ಲದವರು ಕೂಡ ಮುದುಕನ ಮಾತು ಕೇಳಲೆಂದೇ ಪುಟಕ್ಕೆ ಬರತೊಡಗಿದರು. ಜನ ನಿಂತು ಕೇಳುವ ಪುಟವೇ ಒಳ್ಳೆಯ ಪುಟ ಎಂದು ಓದಿದ್ದವಳು ರಾಜಶ್ರೀ. ಕತ್ತರಿಸುವುದನ್ನು ಬಿಟ್ಟಳು. ಆಮೇಲೆ ಕೆಲಸ ಹೆಚ್ಚಾದಾಗ, ಕಾಕಾ ಕಳಿಸಿದ್ದು ತನ್ನ ಕೈ ತಾಗದೆ ತಾನೇ ಪುಟಕ್ಕೆ ಏರುವಂತೆ ಮಾಡಿಟ್ಟಳು. ಇದನ್ನು ಕಾಕಾನಿಗೆ ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಹೊಳೆಯಬೇಕಿತ್ತು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಮಗು ನಡೆಯುವ ಮೊದಲೇ ಕಲಿಯುವ ಪಾಠವೊಂದಿದೆ. ದಾರಿಯಲ್ಲಿ ಅಪರಿಚಿತರು "ಎಷ್ಟು ಕುರಿ?" ಎಂದರೆ "ಬೀರಪ್ಪದೇವ್ರು ಕೊಟ್ಟಷ್ಟು" ಅನ್ನಬೇಕು. "ರಾತ್ರಿ ಎಲ್ಲಿ ಹಟ್ಟಿ?" ಎಂದರೆ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಗದ್ದ ಎತ್ತಿ ತೋರಿಸಬೇಕು. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಅಮಸಿದ್ದಪ್ಪ ಇಡೀ ಆಯುಷ್ಯ ಹಾಗೆ ಗದ್ದ ಎತ್ತಿದವನೇ. ಆದರೆ ಫೋನಿಗೆ ಹೇಳುವುದೆಂದರೆ ಅವನಿಗೆ ರಾಜವ್ವನಿಗೆ ಹೇಳುವುದು; ಯಾರಿಗೆ ಎಷ್ಟು ತಿಳಿಸಬೇಕೆಂದು ಅವಳೇ ನೋಡಿಕೊಳ್ಳುತ್ತಾಳೆ. ರಾಜವ್ವನಿಗಾದರೋ ಪುಟ ತೆರೆದವರೆಲ್ಲ ಗಿರಾಕಿಗಳು. ಹೀಗೆ ಇಬ್ಬರೂ ಒಬ್ಬರ ಮೇಲೊಬ್ಬರು ಭಾರ ಹಾಕಿ ನಿಶ್ಚಿಂತೆಯಿಂದಿದ್ದರು.

ಆ ದಿನ ಮಧ್ಯಾಹ್ನ ಊಟ ಮಾಡಿ ಅವಳು ಗ್ರಾನೈಟಿನವರ ಪುಟಕ್ಕೆ ಬಣ್ಣ ಕೂಡಿಸುತ್ತಿದ್ದಳು. ಫೋನು ಬಂತು. ಹೊಸ ನಂಬರು.

"ಕುರಿಯವರೇನ್ರಿ?"

"ಹೌದ್ರಿ, ಹೇಳ್ರಿ."

"ಕರಿನಾಯಿ ಕಾಲು ಹೆಂಗೈತ್ರಿ ಈಗ?"

ರಾಜಶ್ರೀಗೆ ಅರ್ಥವಾಗಲಿಲ್ಲ. "ಯಾವ ನಾಯಿರಿ?"

ಆಚೆಯವನು ಮೆಲ್ಲಗೆ ನಕ್ಕ. ಅವನ ಪಕ್ಕದಲ್ಲಿ ಇನ್ನೊಬ್ಬರು ಇದ್ದಂತಿತ್ತು. "ಏನಿಲ್ಲ ಬಿಡ್ರಿ. ಅಜ್ಜ ಇವತ್ತ ರಾತ್ರಿ ಅಲ್ಲೇ ಇರ್ತಾನಲ್ಲ?"

"ನೀವು ಯಾರ್ರಿ? ಯಾವ ಊರಿನವ್ರು?"

ಫೋನು ಕಟ್ಟಾಯಿತು. ಅವಳು ತಿರುಗಿ ಹಚ್ಚಿದಳು. ಎತ್ತಲಿಲ್ಲ.

ಬಹಳ ದಿನಗಳ ಮೇಲೆ ಅವಳು ತಾನೇ ಮಾಡಿದ ಪುಟ ತೆರೆದು, ತಾನೇ ಇಟ್ಟ ಗುಂಡಿಯನ್ನು ಒತ್ತಿದಳು.

"ರಾಜವ್ವಾ," ಎಂದಿತು ಕಾಕಾನ ದನಿ. ಹಿಂದೆ ಕುರಿಗಳ ಗದ್ದಲ. "ಇವತ್ತ ಕುರಿ ಶಿವಯೋಗ ಮಂದಿರ ದಾಟಿ, ಹೊಳಿ ದಂಡಿ ಹಿಡದು ಬಂದ್ರ ಜೋಡಿ ಬೇವಿನಗಿಡ ಬರ್ತಾವ ನೋಡು, ಅದರ ಹಿಂದಿನ ಹೊಲದಾಗ ಅದಾವ. ಸುತ್ತಾ ಯಾರೂ ಇಲ್ಲ, ಭಾಳ ಹಾಯ್ ಐತಿ. ನಿಮ್ಮಣ್ಣ ನಿಮ್ಮವ್ವನ್ನ ಕರಕೊಂಡು ಬಾಗಲಕೋಟಿ ಕಣ್ಣಿನ ದವಾಖಾನಿಗೆ ಹೋಗ್ಯಾನ, ನಾಳಿ ಬರ್ತಾನ. ನಾ ಒಬ್ಬಾವನ ಅದೇನಿ. ಕರಿನಾಯಿ ಕಾಲಾಗ ಜಾಲಿಮುಳ್ಳು ಹೊಕ್ಕೈತಿ, ಏಳವಲ್ದು. ಕೆಂದನಾಯಿ ಅದರ ಬಾಜೂನ ಕುಂತುಬಿಟ್ಟೈತಿ, ಅದೂ ಏಳವಲ್ದು. ನನಗೂ ಮೊಳಕಾಲು ನೋವು. ಬ್ಯಾಟರಿ ತೀರಾಕ ಬಂದೈತಿ, ಫೋನ್ ಬಂದ್ ಮಾಡ್ತೇನಿ. ನಾಳಿ ಮುಂಜಾನೆ ಮಾತಾಡೂಣು. ನೀ ಉಂಡ್ಯಾ?"

ಅಷ್ಟೇ. ನೀ ಉಂಡ್ಯಾ ಎಂದು ಕೇಳಿ ದನಿ ನಿಂತಿತು.

ಕುರಿಗಳ್ಳರ ಸುದ್ದಿ ಆ ಕಡೆಯವರಿಗೆ ಹೊಸದಲ್ಲ. ಗಾಡಿ ತಂದು, ಅಡ್ಡ ಬಂದವರ ತಲೆಗೆ ಬಡಿದು, ಹಿಂಡಿನಿಂದ ಬೇಕಾದಷ್ಟು ತುಂಬಿಕೊಂಡು ಹೋಗುತ್ತಾರೆ. ಅಂಥ ಕಥೆಗಳನ್ನು ಕೇಳುತ್ತಲೇ ಅವಳು ದೊಡ್ಡವಳಾಗಿದ್ದಳು. ಒಬ್ಬ ಕಳ್ಳ ಊರೂರು ತಿರುಗಿ, ಚಹದಂಗಡಿಯಲ್ಲಿ ಕೂತು, ಉಪಾಯದಿಂದ ಕೇಳಿ ತಿಳಿಯಬೇಕಾದ ಎಲ್ಲವೂ ಅಲ್ಲಿ ಒಂದೇ ಗುಂಡಿಯ ಹಿಂದೆ ಇತ್ತು. ಜಾಗ, ಗುರುತು, ಒಬ್ಬನೇ ಇರುವುದು, ನಾಯಿ ಏಳದಿರುವುದು, ಮೊಣಕಾಲು ನೋವು, ಫೋನು ಬಂದ್ ಆಗಿರುವುದು. ಅದಕ್ಕೆ ಚಂದದ ಬಣ್ಣ ಕೊಟ್ಟು, ಎಲ್ಲರಿಗೂ ಬೇಗ ಕಾಣಲೆಂದು ನೆತ್ತಿಯ ಮೇಲೆ ಇಟ್ಟವಳು ಅವಳೇ.

ಮೊದಲು ಅದನ್ನು ಅಳಿಸಿದಳು. ಅವಸರದಲ್ಲಿ ಬೇರೇನನ್ನೋ ಒತ್ತಿ, ಮತ್ತೆ ಹುಡುಕಿ, ಅಳಿಸಿದಳು. ಆಮೇಲೆ ಅದನ್ನು ಎಷ್ಟು ಸಲ ಕೇಳಿದ್ದಾರೆಂದು ನೋಡಿದಳು. ಬೇಕಾದಷ್ಟು ಸಲ ಕೇಳಿದ್ದರು. ಅದರಲ್ಲಿ ರೈತರಾರು, ಮರಿ ಕೊಳ್ಳುವವರಾರು, ಫೋನಿನಲ್ಲಿ ನಕ್ಕವನು ಯಾರು? ಅಂಕಿಗಳಿಗೆ ಮುಖವಿರಲಿಲ್ಲ. ಕಾಕಾನ ಫೋನು ಸ್ವಿಚ್ಡ್ ಆಫ್ ಅಂದಿತು. ಬೀರೇಶನಿಗೆ ಹಚ್ಚಿದಳು.

"ಏನ್ ಅಂಜುಬುರಕಿ, ಹಲ್ಲಿ ಬಿತ್ತೇನ ಮೈಮ್ಯಾಲೆ?"

"ಅಣ್ಣಾ, ಕಾಕಾ ಒಬ್ಬಾವನ ಅದಾನಂತ ಎಲ್ಲಾರಿಗೂ ಗೊತ್ತಾಗೈತಿ."

"ಎಲ್ಲಾರಿಗೂ ಅಂದ್ರ?"

ಹೇಳಿದಳು. ಈ ಸಲ ಬೀರೇಶ ನಗಲಿಲ್ಲ. ಅದು ಅವಳನ್ನು ಇನ್ನಷ್ಟು ಅಂಜಿಸಿತು. "ಅವ್ವಗ ಕಣ್ಣಾಗ ಔಷಧ ಹಾಕ್ಯಾರ, ಕಣ್ಣು ಕಾಣವಲ್ದು," ಎಂದ. "ಯಾರ ಹಂತ್ಯಾಕರ ಕುಂದರಿಸಿ ಗಾಡಿ ತಗೊಂಡು ಹೊಂಡ್ತೇನಿ. ನೀ ಪೊಲೀಸ್ರಿಗೆ ಹಚ್ಚು."

ಪೊಲೀಸರಿಗೆ ಹಚ್ಚಿದಳು. ಅವರು ತಾಳ್ಮೆಯಿಂದ ಕೇಳಿ, ಫೋನು ಬಂದ ನಂಬರನ್ನೂ ಜಾಗದ ಗುರುತನ್ನೂ ಬರೆದುಕೊಂಡು, ಗಸ್ತಿನ ಗಾಡಿಗೆ ಹೇಳುತ್ತೇವೆ ಎಂದರು. ಮೆಟ್ಟಿಲಿಳಿದು ಬಂದಾಗ ಅವಳ ಮುಖ ನೋಡಿ ಮಾಬುಬಿ ಕೈಯಲ್ಲಿದ್ದ ಸೀರೆಯನ್ನು ಗಿರಾಕಿಯ ತೊಡೆಯ ಮೇಲೇ ಬಿಟ್ಟು ಎದ್ದರು. ಅರ್ಧ ಮಾತು ಕೇಳುವಷ್ಟರಲ್ಲಿ ಮಗನನ್ನು ಕೂಗಿದರು. ಮಗ ಅಶ್ಫಾಕ ಗ್ರಾನೈಟ್ ಚಪ್ಪಡಿ ಸಾಗಿಸುವ ಟೆಂಪೋ ಓಡಿಸುತ್ತಿದ್ದ.

"ಅಮ್ಮಾ, ಗಾಡಿಯಾಗ ಕಲ್ಲು ಅದಾವ."

"ಇರ್ಲಿ. ಕಲ್ಲೂ ಬರ್ಲಿ. ಬೇಕಾದ್ರ ಒಗ್ಯಾಕ ಬರ್ತಾವ."

ಹುನಗುಂದ ದಾಟಿ ಅಮೀನಗಡದ ರಸ್ತೆ ಹಿಡಿದಾಗ ಬಿಸಿಲು ವಾಲಿತ್ತು. ಟೆಂಪೋದ ಮುಂದಿನ ಸೀಟಿನಲ್ಲಿ ಮೂವರು. ಹಿಂದೆ ಚಪ್ಪಡಿಗಳು ತಗ್ಗು ಬಂದಾಗಲೆಲ್ಲ ಗಡಗಡ ಅನ್ನುತ್ತಿದ್ದವು. ರಾಜಶ್ರೀ ಕಾಕಾನ ನಂಬರನ್ನು ಒತ್ತುತ್ತಲೇ ಇದ್ದಳು. ಎದುರಿಗೆ ಬರುವ ಪ್ರತಿ ಪಿಕಪ್ ಗಾಡಿಯ ಹಿಂಬದಿಯನ್ನು ಕತ್ತು ಹೊರಳಿಸಿ ನೋಡುತ್ತಿದ್ದಳು, ಕುರಿ ತುಂಬಿದೆಯೇ ಎಂದು. ಒಂದರಲ್ಲಿ ಉಳ್ಳಾಗಡ್ಡಿ ಚೀಲ. ಇನ್ನೊಂದರಲ್ಲಿ ಮದುವೆಯ ಹೆಣ್ಣುಮಕ್ಕಳು, ಹಾಡುತ್ತಿದ್ದರು.

"ಅಳಿಸಿದ್ಯಲ್ಲ, ಮತ್ಯಾಕ ಅಂಜ್ತಿ?" ಎಂದ ಅಶ್ಫಾಕ.

"ಕೇಳಿದವ್ರ ಕಿವ್ಯಾಗಿಂದ ಹೆಂಗ ಅಳಸ್ಲಿ?"

ಮಾಬುಬಿ ಬಾಯಲ್ಲಿದ್ದ ಎಲೆಯನ್ನು ಕಿಟಕಿಯಾಚೆ ಉಗಿದರು. ಆಮೇಲೆ ಅಂದರು, "ಒಬ್ಬಾವನ ಅದಾನಂತ ಅದರಾಗ ಹೇಳೀರಿ. ಈಗ ಒಬ್ಬಾವ ಇಲ್ಲಂತ ಅದರಾಗ ಹೇಳು. ಅದ ಗುಂಡಿ, ಅದ ಜಾಗಾ. ಮತ್ತ ಒತ್ತಿ ನೋಡೋರು ನೋಡ್ತಾರ."

ಮಾತು ಸರಿಯಿತ್ತು. ರಾಜಶ್ರೀ ಫೋನನ್ನು ಬಾಯಿಯ ಹತ್ತಿರ ತಂದಳು. "ಎಲ್ಲಾರಿಗೂ ಶರಣ್ರಿ. ಇವತ್ತ ಹಟ್ಟಿಗೆ ನಮ್ಮ ಮಂದಿ ಭಾಳ..." ದನಿ ಮುರಿಯಿತು. ಮತ್ತೆ ಶುರು ಮಾಡಿದಳು, ಮತ್ತೆ ಮುರಿಯಿತು. ಮಾತು ಕೂಸಿನ ಅಳುವಿನ ಹಾಗೆ ಕೇಳಿಸುತ್ತಿತ್ತು.

"ಇದನ್ನ ಕೇಳಿದ್ರ ಕಳ್ಳರು ಓಡೂದಿಲ್ಲ ಬೇಟಿ. ಬಂದು ಸಮಾಧಾನ ಮಾಡ್ತಾರ," ಎಂದರು ಮಾಬುಬಿ. ಅಶ್ಫಾಕ ನಕ್ಕುಬಿಟ್ಟ. ಅವನು ನಕ್ಕದ್ದಕ್ಕೆ ಬಂದ ಸಿಟ್ಟಿನಲ್ಲಿ ರಾಜಶ್ರೀ ಒಂದೇ ಉಸಿರಿಗೆ ಹೇಳಿ ಮುಗಿಸಿದಳು: ಇವತ್ತು ಹಟ್ಟಿಗೆ ಶಿರೂರಿನಿಂದ ನಮ್ಮ ಮಂದಿ ಕೂಡಿ ಬಂದಿದ್ದಾರೆ, ಬೀರಪ್ಪನ ಹರಕೆಯ ಊಟ ಇದೆ, ಗಿರಾಕಿಗಳು ಇವತ್ತು ಬರುವುದು ಬೇಡ. ಅದು ಪುಟಕ್ಕೆ ಏರಿತು. ಯಾರಾದರೂ ಕೇಳಿದರೇ ಎಂದು ಅವಳು ಪರದೆಯನ್ನು ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ಯಾರೋ ಕೇಳಿದರು. ಮತ್ತೊಮ್ಮೆ ಕೇಳಿದರು.

ಶಿವಯೋಗ ಮಂದಿರ ದಾಟಿ ಹೊಳೆಯ ದಂಡೆಯ ಮಣ್ಣುದಾರಿಗೆ ಇಳಿದಾಗ ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ. ಜೋಡಿ ಬೇವು ದೂರದಿಂದಲೇ ಕಂಡವು. ಅವುಗಳ ಕೆಳಗೆ ಒಂದು ಬಿಳಿ ಪಿಕಪ್ ಗಾಡಿ ನಿಂತಿತ್ತು.

"ಯಾ ಅಲ್ಲಾ," ಎಂದರು ಮಾಬುಬಿ, ಮೊದಲ ಬಾರಿಗೆ ಮೆಲ್ಲಗೆ.

ಅಶ್ಫಾಕ ಟೆಂಪೋವನ್ನು ಆ ಗಾಡಿಯ ಹಿಂದೆಯೇ ತಂದು ನಿಲ್ಲಿಸಿದ. ಗಾಡಿಯಲ್ಲಿ ಯಾರೂ ಇರಲಿಲ್ಲ. ಹಿಂಬದಿಯ ತುಂಬ ಹೊಸ ಹುಲ್ಲು ಹಾಸಿತ್ತು, ಮೂಲೆಯಲ್ಲಿ ಹಗ್ಗದ ಸುರುಳಿ. ರಾಜಶ್ರೀ ಇಳಿದಳು. ಬಾಗಿಲು ಹಿಡಿದೇ ನಿಂತಳು. ಕುರಿಗಳು ಸುತ್ತ ಬೇಲಿಯಂತೆ ಕಟ್ಟಿದ ಬಲೆಯೊಳಗೆ ಒಂದಕ್ಕೊಂದು ಒತ್ತಿಕೊಂಡಿದ್ದವು. ನಾಯಿ ಬೊಗಳಲಿಲ್ಲ. ಮಾಬುಬಿ ಅವಳ ರಟ್ಟೆ ಹಿಡಿದು ಬೇವಿನ ಆಚೆಗೆ ನಡೆಸಿದರು.

ಅಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಅಮಸಿದ್ದಪ್ಪ ಕುಕ್ಕರಗಾಲಲ್ಲಿ ಕೂತು ಚಹ ಸೋಸುತ್ತಿದ್ದ. ಎದುರಿಗೆ ಇಬ್ಬರು ಗಂಡಸರು. ಕರಿನಾಯಿ ಪಕ್ಕದಲ್ಲೇ ಮಲಗಿತ್ತು, ಕೆಂದನಾಯಿ ಆ ಇಬ್ಬರನ್ನೇ ನೋಡುತ್ತಿತ್ತು.

"ಏ ರಾಜವ್ವಾ!" ಕಾಕಾನ ಮುಖ ಅರಳಿತು. "ನೀ ಹೆಂಗ ಬಂದಿ? ನೋಡು, ಗಿರಾಕಿ ಬಂದಾರ. ನಿನ್ನ ಪುಟ ನೋಡಿ ಬಂದಾರಂತ."

ಇಬ್ಬರಲ್ಲಿ ಎತ್ತರದವನು ಎದ್ದು ಕೈ ಮುಗಿದ. "ಶರಣ್ರಿ ಅಕ್ಕಾರ. ಮಧ್ಯಾಹ್ನ ಫೋನ್ ಹಚ್ಚಿದಾಂವ ನಾನ. ನಾಯಿ ಕಾಲಿನ ಸುದ್ದಿ ಕೇಳಿದ್ನಲ್ಲ."

ಅದೇ ದನಿ. ಅವನು ಅವಳ ಹಿಂದೆ, ಟೆಂಪೋದ ಕಡೆ, ಆಮೇಲೆ ಹೊಲದ ಸುತ್ತ ನಿಧಾನವಾಗಿ ಕಣ್ಣು ಹಾಯಿಸಿದ.

"ಈಗ ನಿಮ್ಮ ದನೀನೂ ಕೇಳಿದ್ವಿ. ಮಂದಿ ಕೂಡ್ಯಾರ, ಹರಕಿ ಊಟ ಐತಿ ಅಂದ್ರಿ. ಎಲ್ಲದಾರ್ರಿ ಮಂದಿ?"

ಚಹ ಸೋಸುತ್ತಿದ್ದ ಕಾಕಾನ ಕೈ ನಿಂತಿತು. ಅವನು ಅವಳ ಮುಖ ನೋಡಿದ, ಆ ಗಂಡಸಿನ ಮುಖ ನೋಡಿದ.

"ಬರಾಕತ್ತಾರ," ಎಂದರು ಮಾಬುಬಿ. ಪಾತ್ರೆಯ ಕಡೆ ನೋಡುತ್ತ ಕೆಳಗೆ ಕೂತೇ ಬಿಟ್ಟರು. "ನಾವು ಮುಂದ ಬಂದೇವಿ, ಅಡಿಗಿಗೆ. ಆಕಿ ಅಣ್ಣ ಹಿಂದಿನಿಂದ ಮಂದಿ ಕರಕೊಂಡು ಬರ್ತಾನ. ಪೊಲೀಸ್ನವರನ್ನೂ ಊಟಕ್ಕ ಕರದೇವಿ. ನೀವೂ ಕುಂಡ್ರಿ ತಮ್ಮಾ, ಉಂಡು ಹೋಗೀರಂತ. ಉಳ್ಳಾಗಡ್ಡಿ ಹೆಚ್ಚಾಕ ಬರ್ತೈತೇನು?"

ಅವನು ನಕ್ಕ. ಫೋನಿನಲ್ಲಿ ನಕ್ಕಂತೆಯೇ, ಮೆಲ್ಲಗೆ. ಜೊತೆಯವನು ಆಗಲೇ ಎದ್ದು ಅಂಗಿ ಕೊಡವಿಕೊಂಡಿದ್ದ. "ಬ್ಯಾಡ್ರಿ. ರೇಟೂ ಕೂಡಿಲ್ಲ. ಇನ್ನೊಂದ್ ಸಲ ಬರ್ತೇವಿ." ಎರಡು ಹೆಜ್ಜೆ ಹೋಗಿ ತಿರುಗಿದ. "ನಾಳಿ ಎಲ್ಲಿರ್ತೀರಿ ಅಜ್ಜಾ?"

"ನಾಳಿ ಗುಳೇದಗುಡ್ಡದ ಕಡೆ ಏರ್ತೇವ್ರಿ," ಎಂದ ಅಮಸಿದ್ದಪ್ಪ ತಡವಿಲ್ಲದೆ. "ಅಲ್ಲಿ ಮೇವು ಭಾಳ ಐತಂತ." ಹಿಂಡು ಹೋಗಬೇಕಾದದ್ದು ಪಟ್ಟದಕಲ್ಲಿನ ಕಡೆ ಎಂದು ರಾಜಶ್ರೀಗೆ ಗೊತ್ತಿತ್ತು. ಅದು ಅವನು ದಾರಿಯ ಜನರ ಜೊತೆ ಆಡುವ ದನಿ, ಬಿಸಿಯಿಲ್ಲದ ದನಿ. ಇಷ್ಟು ದಿನ ಪುಟದಲ್ಲಿ ಆ ದನಿಯನ್ನು ಯಾರೂ ಕೇಳಿರಲಿಲ್ಲ.

ಬಿಳಿ ಗಾಡಿ ಹಿಂದಕ್ಕೆ ಸರಿದು ದಾರಿ ಹಿಡಿಯಿತು. ಅದರ ಸದ್ದು ದಂಡೆಗುಂಟ ಹೋಗಿ ಅಡಗಿತು. ಅವರು ಖರೆ ಗಿರಾಕಿಗಳೋ, ಅಲ್ಲವೋ? ಮರಿ ಕೊಳ್ಳಲು ಬರುವವರೂ ಗಾಡಿಗೆ ಹುಲ್ಲು ಹಾಸಿಕೊಂಡೇ ಬರುತ್ತಾರೆ. ಅವರೂ ರೇಟು ಕೂಡದಿದ್ದರೆ ಎದ್ದು ಹೋಗುತ್ತಾರೆ. ಮುಂದೆ ಪೊಲೀಸರು ಆ ನಂಬರನ್ನು ವಿಚಾರಿಸಿದಾಗಲೂ ಅದು ಬಂದ್ ಆಗಿದೆ ಎಂಬುದರ ಆಚೆ ಏನೂ ತಿಳಿಯಲಿಲ್ಲ. ಇಂದಿಗೂ ರಾಜಶ್ರೀಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಅವಳನ್ನು ಹೆಚ್ಚು ಕಾಡುವುದು.

ಕಾಕಾ ಸೋಸಿದ ಚಹವನ್ನು ಯಾರಿಗೂ ಕೊಡದೆ ಮಣ್ಣಿಗೆ ಚೆಲ್ಲಿದ. ಗಾಡಿ ಹೋದ ದಾರಿಯನ್ನು ಒಂದಕ್ಕೆ ಎರಡು ಸಲ ನೋಡಿದ. ಕಾಕಾ ಅಂಜಿದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ನಾಯಿ ಕಾಲಿನ ಸುದ್ದಿ ಅವರಿಗೆ ಹೆಂಗ ಗೊತ್ತಾತಂತ ನಾ ಆಗಿಂದ ವಿಚಾರ ಮಾಡಾಕತ್ತಿದ್ದೆ," ಎಂದ. "ನೀ ಒಬ್ಬಾಕಿನ ಅಲ್ಲೇನ ಕೇಳಾಕಿ?"

ರಾಜಶ್ರೀ ಹೇಳಿದಳು. ಮೊದಲು ಕತ್ತರಿಸುತ್ತಿದ್ದದ್ದು, ಆಮೇಲೆ ಬಿಟ್ಟದ್ದು, ಜನ ಮೆಚ್ಚಿದರು ಎಂದು ಹಾಗೇ ಇಟ್ಟದ್ದು, ಕೊನೆಗೆ ಕೇಳುವುದನ್ನೇ ಬಿಟ್ಟದ್ದು. ಅವನು ಬೈಯಲಿಲ್ಲ. ಕರಿನಾಯಿಯ ತಲೆಯ ಮೇಲೆ ಕೈಯಿಟ್ಟು ಕೂತಿದ್ದ.

"ನಾ ನಿನಗಷ್ಟ ಹೇಳ್ತಿದ್ನೆವ್ವಾ."

ಬೀರೇಶ ಮೋಟರ್‌ಸೈಕಲ್ ಹಾರಿಸಿಕೊಂಡು ಬಂದ. ಅವನ ಹಿಂದೆಯೇ ಗಸ್ತಿನ ಗಾಡಿಯೂ ಬಂದು, ವಿಚಾರಿಸಿ, ದಂಡೆಯಗುಂಟ ಒಂದು ಸುತ್ತು ಹಾಕಿ ಹೋಯಿತು. ಬೆಳಕು ಇರುವಷ್ಟರಲ್ಲಿ ಬಲೆ ಕಿತ್ತು, ಹಿಂಡನ್ನು ಎಬ್ಬಿಸಿ, ಮನೆಗಳ ಹತ್ತಿರದ ಹೊಲಕ್ಕೆ ಹೊಡೆದರು. ಕರಿನಾಯಿಯನ್ನು ಅಶ್ಫಾಕ ಎತ್ತಿ ಕಲ್ಲಿನ ಚಪ್ಪಡಿಗಳ ನಡುವೆ ಕಂಬಳಿ ಹಾಸಿ ಮಲಗಿಸಿದ. ರಾಜಶ್ರೀ ಹಿಂಡಿನ ಹಿಂದೆ ನಡೆದಳು. ಅಂದು ಬೀರೇಶ ಒಂದೂ ಹಾಸ್ಯ ಮಾಡಲಿಲ್ಲ.

ಈಗ ಆ ಪುಟದ ನೆತ್ತಿಯ ಮೇಲೆ ಒಂದು ಟಗರಿನ ಚಿತ್ರವಿದೆ, ಕೆಳಗೆ ರಾಜಶ್ರೀಯ ನಂಬರು. ಫೋನು ಮಾಡಿದವರನ್ನು ಅವಳೇ ಕೇಳುತ್ತಾಳೆ: ಯಾವ ಊರು, ಅಲ್ಲಿ ನಮ್ಮವರಲ್ಲಿ ಯಾರ ಗುರುತು ಇದೆ, ಅವರಿಂದ ಒಂದು ಮಾತು ಹೇಳಿಸಿ. ಗುರುತು ಸಿಕ್ಕವರಿಗೆ ಅಮೀನಗಡದ ಕುರಿ ಸಂತೆಗೆ ಬರಲು ಹೇಳುತ್ತಾಳೆ. ಫೋನುಗಳು ಕಡಿಮೆಯಾಗಿವೆ. ಕುಂಟು ಮರಿಯನ್ನು ಕೇಳುವವರು ಇಲ್ಲ. ಹೊಸ ಗಿರಾಕಿಗಳಿಗೆ ಪುಟ ಮಾಡುವಾಗ ಗಿರಾಕಿ ಏನು ಕೇಳುತ್ತಾನೆ ಎಂದು ಬರೆದ ಹಾಳೆಯ ಮಗ್ಗುಲಲ್ಲಿ, ಕೆಟ್ಟವನು ಬಂದರೆ ಏನು ಕೇಳುತ್ತಾನೆ ಎಂದೂ ಬರೆಯುತ್ತಾಳೆ. ಕೆಲವರು ನಗುತ್ತಾರೆ. ಮಾಬುಬಿ ಮಾತ್ರ ತಮ್ಮ ಪುಟದಲ್ಲಿದ್ದ ಮನೆಯೊಳಗಿನ ಚಿತ್ರವನ್ನು ಏನೂ ಕೇಳದೆ ತೆಗೆಸಿದರು.

ಕಾಕಾ ಮಾತಾಡಿ 'ರಾಜವ್ವಾ' ಎಂದು ಕಳಿಸುವುದನ್ನು ನಿಲ್ಲಿಸಿದ. ಸಿಟ್ಟಿಲ್ಲ, ಊರಿಗೆ ಬಂದಾಗ ಮೊದಲಿನಂತೆಯೇ ಮಾತಾಡುತ್ತಾನೆ. ಆದರೆ ಫೋನೆಂಬ ಆ ಪೆಟ್ಟಿಗೆಗೆ ಇನ್ನು ಮನೆಯ ಮಾತು ಹೇಳಲಾರೆ ಎಂದ. "ಮೊದಲ ನನಗ ಕಾಣ್ತಿತ್ತು ಅದರಾಗ ನಿನ್ನ ಮಾರಿ. ಈಗ ಯಾರ್ಯಾರ ಮಾರಿನೋ ಕಾಣ್ತಾವ," ಎನ್ನಬೇಕಾದದ್ದನ್ನು ಅವನು ಇಷ್ಟರಲ್ಲೇ ಮುಗಿಸಿದ: "ನನಗ ಅದರಾಗ ನೀ ಕಾಣವಲ್ಲಿ." ಅವಳು ಬಹಳ ಬೇಡಿಕೊಂಡ ಮೇಲೆ ಒಂದಕ್ಕೆ ಒಪ್ಪಿದ. ದಿನಾ ಸಂಜೆ ಹಿಂಡು ಬಲೆಯೊಳಗೆ ಹೊಕ್ಕ ಮೇಲೆ ಅವಳ ನಂಬರಿಗೆ ಒಂದು ರಿಂಗ್ ಕೊಟ್ಟು ಕತ್ತರಿಸುತ್ತಾನೆ. ಅವಳು ಎತ್ತಬಾರದು. ಒಂದು ರಿಂಗ್ ಎಂದರೆ ಎಲ್ಲ ನೆಟ್ಟಗಿದೆ ಎಂದು, ಎರಡಾದರೆ ಏನೋ ಆಗಿದೆ ಎಂದು.

ಹೊತ್ತು ಮುಳುಗುವಾಗ ರಾಜಶ್ರೀ ಕೆಲಸ ಬಿಟ್ಟು ಅಂಗಡಿಯ ಮೆಟ್ಟಿಲಿಗೆ ಬಂದು ಕೂರುತ್ತಾಳೆ. ಫೋನು ಅಂಗೈಯಲ್ಲಿ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕೇಳಿಸದೆ ಹೋದೀತೆಂದು ಅದನ್ನು ಕಿವಿಯ ಹತ್ತಿರವೇ ಹಿಡಿದಿರುತ್ತಾಳೆ. ಮಾಬುಬಿ ಸೀರೆ ಮಡಚುತ್ತ ನೋಡುತ್ತಾರೆ. ಕೆಲವು ಸಂಜೆ ರಿಂಗ್ ಬೇಗ ಬರುತ್ತದೆ. ಕೆಲವು ಸಂಜೆ ಸಿಗ್ನಲ್ ಇಲ್ಲದೆಯೋ ಏನೋ ತಡವಾಗುತ್ತದೆ, ಓಣಿಯ ದೀಪಗಳು ಹತ್ತುತ್ತವೆ, ಅಂಗಡಿಗಳ ಷಟರುಗಳು ಒಂದೊಂದೇ ಬೀಳುತ್ತವೆ. ಅವಳು ಹಾಗೇ ಕೂತಿರುತ್ತಾಳೆ. ಫೋನು ಒಮ್ಮೆ ಮಿಡುಕಿ ನಿಲ್ಲುತ್ತದೆ. ಎರಡನೆಯದು ಬರುವುದಿಲ್ಲ ಎಂದು ಖಾತ್ರಿಯಾಗುವವರೆಗೆ ತಡೆದು, ಆಮೇಲೆ ಊಟಕ್ಕೆ ಏಳುತ್ತಾಳೆ.